ಒಂದು ಕಂಪೌಂಡಿಗೆ ಎರಡು ಮೇಜು

ನಮ್ಮ ಚರ್ಚಿನ ಸಭೆಯಲ್ಲಿ ಆರಾಧನೆಗೆ ಬರಲಾಗದ ವೃದ್ಧರಿಗೂ ಕಾಯಿಲೆಯವರಿಗೂ ತಿಂಗಳಿಗೊಮ್ಮೆ ಸಭಾಪಾಲಕರು ಮನೆಗೇ ಹೋಗಿ ಕರ್ತನ ಭೋಜನ ಕೊಡುವ ಪದ್ಧತಿ ಇದೆ. ಒಂದು ತುಣುಕು ರೊಟ್ಟಿ, ಸಣ್ಣ ಗ್ಲಾಸಿನಲ್ಲಿ ಒಂದು ಗುಟುಕು ದ್ರಾಕ್ಷಾರಸ, ಒಂದು ಕೀರ್ತನೆ, ಪ್ರಾರ್ಥನೆ. ಇದು ನಡೆಯುವುದು ಮೊದಲ ಶನಿವಾರ ಬೆಳಿಗ್ಗೆ. ಸಭಾಪಾಲಕರ ಜೊತೆ ಸಭೆಯ ಪರವಾಗಿ ಒಬ್ಬರು ಹೋಗಬೇಕು. ಹಿಂದಿನ ದಿನ ಪ್ರತಿ ಮನೆಗೂ ತಿಳಿಸುವುದು, ಒಂದು ಮೇಜು ಖಾಲಿ ಮಾಡಿಸಿ ಬಿಳಿ ಬಟ್ಟೆ ಹಾಸಿಡಲು ಹೇಳುವುದು, ಎಷ್ಟು ಜನ ತೆಗೆದುಕೊಳ್ಳುತ್ತಾರೆಂದು ಕೇಳಿ ಅಷ್ಟು ಗ್ಲಾಸುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸುವುದು, ಇವೆಲ್ಲ ಆ ಒಬ್ಬರ ಕೆಲಸ. ಬಹಳ ವರ್ಷ ಇದನ್ನು ಮಾಡಿದ್ದ ಹಿರಿಯರೊಬ್ಬರು ಕಣ್ಣಿನ ತೊಂದರೆಯಿಂದ ಬಿಟ್ಟರು. ಜೂನ್ ಕೊನೆಯ ಭಾನುವಾರ ಸಭೆಯ ಸಮಿತಿ ಅದನ್ನು ನನಗೆ ವಹಿಸಿತು.

ನನಗೆ ವಹಿಸಿದ್ದಕ್ಕೆ ಕಾರಣ ನನ್ನ ಭಕ್ತಿಯಲ್ಲ. ಪಣಂಬೂರಿನ ಒಂದು ಕಚೇರಿಯಲ್ಲಿ ಯಾವ ಕಂಟೇನರ್ ಯಾವ ದಿನ ಯಾವ ಹಡಗಿಗೆ ಎಂದು ಹೊಂದಿಸಿ ಬರೆಯುವುದು ನನ್ನ ಉದ್ಯೋಗ. ಸಮಿತಿಯಲ್ಲಿ ಒಬ್ಬರು, "ಅವಳಿಗೆ ಕೊಡಿ, ಅವಳು ಎಲ್ಲ ಬರೆದಿಡ್ತಾಳೆ" ಎಂದರು. ಅದು ನಿಜ. ಕಾಲೇಜಿನ ದಿನಗಳಿಂದ ನಾನು ದಿನಚರಿ ಬರೆಯುತ್ತೇನೆ. ಎದ್ದ ಸಮಯ, ಓದಿದ ಅಧ್ಯಾಯ, ಮಾಡಿದ ಪ್ರಾರ್ಥನೆ, ಭೇಟಿಯಾದವರು, ಪ್ರತಿಯೊಂದಕ್ಕೂ ಒಂದೊಂದು ಅಂಕಣ. ಮಾಡಿದ್ದಕ್ಕೆ ಗುರುತು, ಮಾಡದ್ದಕ್ಕೆ ಖಾಲಿ. ತಿಂಗಳ ಕೊನೆಗೆ ಕೂಡಿಸಿ ನೋಡುತ್ತೇನೆ. ಅಮ್ಮ ಅದನ್ನು ನೋಡಿದಾಗೆಲ್ಲ, "ದೇವರ ಹತ್ರವೂ ಹಾಜರಿ ಪುಸ್ತಕ ಉಂಟು ಮಗಾ, ಎರಡೆರಡು ಬೇಕಾಗಿಲ್ಲ" ಎನ್ನುತ್ತಾರೆ.

ಹಿರಿಯರು ನನಗೆ ಒಂಬತ್ತು ಮನೆಗಳ ವಿಳಾಸ ಹೇಳಿ ಬರೆಸಿದರು. ನಾನು ಮೊದಲು ಮಾಡಿದ್ದು ಅವುಗಳನ್ನು ದಾರಿಯ ಕ್ರಮದಲ್ಲಿ ಜೋಡಿಸಿ, ಒಂದೊಂದು ಮನೆಗೆ ಇಪ್ಪತ್ತು ನಿಮಿಷ ಹಾಕಿದ್ದು. ಕುಲಶೇಖರದ ಎರಡು ಮನೆಗಳಿಗೆ ವಿಳಾಸ ಒಂದೇ ಇತ್ತು. ಕೇಳಿದಾಗ ಅಕ್ಕತಂಗಿಯರು ಎಂದು ತಿಳಿಯಿತು. ಒಂದು ಹಳೆಯ ಹೆಂಚಿನ ಮನೆ, ನಡುವೆ ಗೋಡೆ ಎತ್ತಿ ಎರಡು ಬದಿ ಮಾಡಿದ್ದು. ಅಕ್ಕ ನಿವೃತ್ತ ಶಾಲಾ ಶಿಕ್ಷಕಿ, ಮದುವೆಯಾಗಿಲ್ಲ, ಸೊಂಟದ ನೋವಿನಿಂದ ಮೆಟ್ಟಿಲು ಇಳಿಯುವುದೇ ಕಷ್ಟ. ತಂಗಿ ಕುವೈತಿನಲ್ಲಿ ನರ್ಸ್ ಆಗಿದ್ದವರು, ಗಂಡ ತೀರಿಕೊಂಡಿದ್ದಾರೆ, ತಲೆ ತಿರುಗುವ ಕಾಯಿಲೆಯಿಂದ ಬಸ್ಸು ಹತ್ತಲಾರರು. ಒಂದೇ ಅಂಗಳ, ಒಂದೇ ಬಾವಿ, ಒಂದೇ ಗೇಟು. ಎರಡು ಸಲ ಮೇಜು ಹಾಸಿ, ಎರಡು ಸಲ ಪೆಟ್ಟಿಗೆ ಬಿಚ್ಚಿ, ಒಂದೇ ಪ್ರಾರ್ಥನೆಯನ್ನು ಎರಡು ಸಲ ಓದುವುದು ಯಾಕೆ ಎಂದು ನನಗೆ ಅನಿಸಿತು. ಇಪ್ಪತ್ತು ನಿಮಿಷ ಉಳಿದರೆ ಕೊನೆಯ ಮನೆಯ ಅಜ್ಜನ ಜೊತೆ ಹೆಚ್ಚು ಹೊತ್ತು ಕೂರಬಹುದು. ಶುಕ್ರವಾರ ತಂಗಿಗೆ ಫೋನ್ ಮಾಡಿ, "ಆಂಟಿ, ನಾಳೆ ನಿಮ್ಮ ಬದಿಯಲ್ಲೇ ಇಬ್ಬರಿಗೂ ಒಟ್ಟಿಗೆ ಮಾಡುವಾ" ಎಂದೆ. "ಒಟ್ಟಿಗೆಯಾ?" ಎಂದು ಅವರು ಮತ್ತೊಮ್ಮೆ ಕೇಳಿದರು. ಆಮೇಲೆ, "ನನಗೆ ಎಂತ ತೊಂದರೆ ಇಲ್ಲ" ಎಂದರು. ಅಕ್ಕನಿಗೆ ಅವರೇ ಹೇಳುತ್ತಾರೆಂದುಕೊಂಡು ನನ್ನ ಅಂಕಣದಲ್ಲಿ 'ಎರಡು ಗ್ಲಾಸು, ಒಂದು ಮೇಜು' ಎಂದು ಬರೆದೆ.

ನಮ್ಮ ಸಭಾಪಾಲಕರೂ ಹೊಸಬರು. ಆ ಜೂನಿನಲ್ಲೇ ಮೈಸೂರು ಕಡೆಯಿಂದ ವರ್ಗವಾಗಿ ಬಂದಿದ್ದರು. ಹೀಗಾಗಿ ನನ್ನ ಪಟ್ಟಿಯನ್ನು ತಿದ್ದುವವರು ಯಾರೂ ಇರಲಿಲ್ಲ.

ಶನಿವಾರ ಜೋರು ಮಳೆ. ತಂಗಿಯ ಬದಿಯಲ್ಲಿ ಮೇಜು ತಯಾರಾಗಿತ್ತು, ಎರಡು ಕುರ್ಚಿ ಇದ್ದವು. ಸಭಾಪಾಲಕರು ಪೆಟ್ಟಿಗೆ ಬಿಚ್ಚುತ್ತಿದ್ದಾಗ ನಾನು ಕೊಡೆ ಹಿಡಿದು ಅಕ್ಕನನ್ನು ಕರೆಯಲು ಹೋದೆ. ಅವರು ಬಿಳಿ ಸೀರೆ ಉಟ್ಟು, ತಮ್ಮ ಮೇಜಿಗೆ ಬಿಳಿ ಬಟ್ಟೆ ಹಾಸಿ, ಕೀರ್ತನೆ ಪುಸ್ತಕ ತೆರೆದು ಕೂತಿದ್ದರು.

"ಪಾಸ್ಟರ್ ಎಲ್ಲಿ?" ಎಂದರು.

"ಆ ಬದಿಯಲ್ಲಿದ್ದಾರೆ ಆಂಟಿ. ಇವತ್ತು ಅಲ್ಲೇ ಒಟ್ಟಿಗೆ. ನಾನು ಕೈ ಹಿಡೀತೇನೆ, ನಿಧಾನಕ್ಕೆ ಬನ್ನಿ."

ಅವರು ಪುಸ್ತಕ ಮುಚ್ಚಿದರು. "ಯಾರು ಹೇಳಿದ್ದು ಒಟ್ಟಿಗೆ ಅಂತ?"

"ನಾನೇ. ಒಂದೇ ಕಂಪೌಂಡಲ್ವಾ?"

"ನಾನು ಬರುವುದಿಲ್ಲ."

ನಾನು ಓಡಿ ಹೋಗಿ ಸಭಾಪಾಲಕರಿಗೆ ಹೇಳಿದೆ. ತಂಗಿಗೆ ಕೊಟ್ಟಾದ ಮೇಲೆ ಅವರು ಪೆಟ್ಟಿಗೆ ತೆಗೆದುಕೊಂಡು ಈ ಬದಿಗೆ ಬಂದರು. ಅಕ್ಕ ಆಗಲೇ ಮೇಜಿನ ಬಟ್ಟೆ ತೆಗೆದು ಮಡಚಿ ಇಟ್ಟಿದ್ದರು.

"ಬೇಡ ಪಾಸ್ಟರ್, ಕ್ಷಮಿಸಿ" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ತರಗತಿಯಲ್ಲಿ ಲೆಕ್ಕ ವಿವರಿಸುವ ಹಾಗೆ ಹೇಳಿದರು: "ಇಷ್ಟು ವರ್ಷ ಯಾರೂ ಕೇಳ್ತಿರಲಿಲ್ಲ. ಬರ್ತಿದ್ರು, ಕೊಡ್ತಿದ್ರು, ಹೋಗ್ತಿದ್ರು. ನಾನೂ ಕಣ್ಣು ಮುಚ್ಚಿ ತೆಗೊಳ್ತಿದ್ದೆ. ಇವತ್ತು ನೀನು ಬಂದು ತಂಗಿ ಹತ್ರ ಕೂತ್ಕೊಳ್ಳಿ ಅಂದೆ. ನಾನು ಇಲ್ಲ ಅಂದೆ. ಬಾಯಿ ಬಿಟ್ಟು ಇಲ್ಲ ಅಂದ ಮೇಲೆ ಎಂತ ಮುಖ ಇಟ್ಕೊಂಡು ಕೈ ಚಾಚುವುದು?"

ಸಭಾಪಾಲಕರು ಪ್ರಾರ್ಥನೆ ಮಾತ್ರ ಮಾಡಿದರು. ನಾವು ಹೊರಡುವಾಗ ಅಕ್ಕ ಇನ್ನೊಂದು ಮಾತು ಹೇಳಿದರು. ಸೆಪ್ಟೆಂಬರ್ ಎರಡನೆಯ ವಾರ ಅವರ ಸೊಂಟದ ಆಪರೇಷನ್. ಹೃದಯ ಸ್ವಲ್ಪ ದುರ್ಬಲ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. "ಅದರ ಮೊದಲು ಭೋಜನ ತೆಗೊಳ್ಬೇಕು ಅಂತ ಇತ್ತು. ಆಪರೇಷನ್ ಟೇಬಲ್ ಮೇಲೆ ಎಂತ ಆಗ್ತದೋ ಯಾರಿಗೆ ಗೊತ್ತು? ಇರ್ಲಿ."

ಸಂಜೆ ಹಳೆಯ ಹಿರಿಯರಿಗೆ ಫೋನ್ ಮಾಡಿದೆ.

"ಅಯ್ಯೋ, ನಿನಗೆ ಹೇಳ್ಲಿಲ್ವಾ ನಾನು? ಆ ಕಂಪೌಂಡಿಗೆ ಎರಡು ಮೇಜು. ಎಂಟು ವರ್ಷದಿಂದ ಮಾತಿಲ್ಲ ಅವರಿಗೆ."

"ಯಾಕೆ ಅಂಕಲ್?"

"ಯಾಕೆ ಅಂತ ಕೇಳಿದ್ರೆ ಆಮೇಲೆ ಭೋಜನ ಕೊಡ್ಲಿಕ್ಕೆ ಆಗ್ತದಾ ಮಾರಾಯ್ತಿ? ಅದಕ್ಕೇ ನಾನು ಕೇಳ್ಲಿಲ್ಲ."

ಮನಸ್ತಾಪ ಇಟ್ಟುಕೊಂಡು ಆ ಮೇಜಿಗೆ ಬರಬಾರದು ಎನ್ನುವುದು ನಮ್ಮಲ್ಲಿ ಎಲ್ಲರೂ ಚಿಕ್ಕಂದಿನಿಂದ ಕಲಿತದ್ದು. ಹಾಗೆ ನೋಡಿದರೆ ಭಾನುವಾರ ಅರ್ಧ ಸಭೆ ಎದ್ದು ಹೋಗಬೇಕು. ಹೋಗುವುದಿಲ್ಲ, ಏಕೆಂದರೆ ಯಾರೂ ಕೇಳುವುದಿಲ್ಲ. ಎರಡು ಮೇಜಿನ ಏರ್ಪಾಡು ಕೂಡ ಅಂಥದ್ದೇ ಆಗಿತ್ತು. ಎಲ್ಲರಿಗೂ ಗೊತ್ತಿದ್ದು ಯಾರೂ ಹೇಳದೆ ನಡೆಯುತ್ತಿತ್ತು. ನಾನು ಇಪ್ಪತ್ತು ನಿಮಿಷ ಉಳಿಸಲು ಹೋಗಿ ಅದನ್ನು ಬಾಯಿಮಾತಿಗೆ ತಂದುಬಿಟ್ಟಿದ್ದೆ. ಆ ದಿನದ ಪುಟದಲ್ಲಿ ಒಂಬತ್ತು ಮನೆಗಳ ಎದುರು ಎಂಟು ಗುರುತು ಇವೆ.

ಮರುವಾರ ಸಭಾಪಾಲಕರನ್ನು ಕಂಡು, ನಾನು ಇಬ್ಬರ ಜೊತೆಗೂ ಮಾತಾಡಿ ಸರಿ ಮಾಡಲೇ ಎಂದು ಕೇಳಿದೆ. ಅವರು, "ಏನೂ ಸರಿ ಮಾಡಬೇಡಿ. ಸುಮ್ಮನೆ ಹೋಗಿ ಬನ್ನಿ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಮಾತು ಸಾಗಿಸಬೇಡಿ, ಅಷ್ಟೇ" ಎಂದರು.

ಹಾಗೆ, ನನಗೆ ರಜೆಯಿರುವ ಮೊದಲ ಶನಿವಾರ ಬಿಟ್ಟು, ಉಳಿದ ಶನಿವಾರ ಮಧ್ಯಾಹ್ನ ಕಚೇರಿ ಮುಗಿಸಿ ಸ್ಕೂಟರಿನಲ್ಲಿ ಕುಲಶೇಖರಕ್ಕೆ ಹೋಗುವುದು ರೂಢಿಯಾಯಿತು. ಮೊದಲು ಅಕ್ಕನ ಬದಿ, ಆಮೇಲೆ ತಂಗಿಯ ಬದಿ. ಅಕ್ಕ ನನ್ನಿಂದ ಕೀರ್ತನೆ ಓದಿಸುತ್ತಿದ್ದರು. ಒಂದು ಸಾಲಿಗೆ ಎರಡು ಸಲ ನಿಲ್ಲಿಸುತ್ತಿದ್ದರು. "ಓಡ್ಬೇಡ. ನಿನ್ನ ಹಡಗು ಎಲ್ಲಿಗೂ ಹೋಗುವುದಿಲ್ಲ." ಮೊದಲ ವಾರ ನಾನು ಗಡಿಯಾರ ನೋಡುತ್ತಿದ್ದುದನ್ನು ಅವರು ಗಮನಿಸಿದ್ದರೆಂದು ಕಾಣುತ್ತದೆ. ಎರಡನೆಯ ವಾರ ನಾನು ಬರುವ ಮೊದಲೇ ಗೋಡೆ ಗಡಿಯಾರವನ್ನು ಇಳಿಸಿ ಬೇರೆ ಕೋಣೆಗೆ ಕಳಿಸಿದ್ದರು. "ಬ್ಯಾಟರಿ ಹೋಗಿದೆ" ಎಂದರು. ಒಳಗಿನಿಂದ ಟಿಕ್ ಟಿಕ್ ಕೇಳುತ್ತಿತ್ತು.

ಅಕ್ಕತಂಗಿಯರು ಪರಸ್ಪರ ಮಾತಾಡದಿದ್ದರೂ ಅಗತ್ಯದ ವಿಷಯಗಳು ದಾಟುತ್ತಿದ್ದವು. ಉಳ್ಳಾಲದಿಂದ ಸ್ಕೂಟರಿನಲ್ಲಿ ಮೀನು ತರುವ ಸಾಹೇಬರೊಬ್ಬರಿದ್ದರು. ಇಬ್ಬರೂ ಅವರ ಗಿರಾಕಿಗಳು. ಈ ಬದಿಯ ಮೆಟ್ಟಿಲ ಮೇಲೆ ಅಕ್ಕ, ಗೇಟಿನ ಆ ಬದಿಯ ಕಂಬದ ಹತ್ತಿರ ತಂಗಿ, ನಡುವೆ ಸಾಹೇಬರ ಸ್ಕೂಟರ್. "ಆ ಮನೆಯವರಿಗೆ ಹೇಳಿ, ಪಂಪ್ ಬಂದ್ ಮಾಡ್ಲಿಕ್ಕೆ. ಟ್ಯಾಂಕಿ ತುಂಬಿ ಹರೀತಾ ಉಂಟು" ಎಂದು ಅಕ್ಕ ಹೇಳಿದರೆ, ಸಾಹೇಬರು ಒಂದು ಮಾರು ದೂರದಲ್ಲಿದ್ದ ತಂಗಿಗೆ, "ಪಂಪ್ ಅಂತೆ" ಎನ್ನುವರು. ತಂಗಿ, "ಕೇಳ್ತು" ಎಂದು ಸಾಹೇಬರಿಗೆ ಉತ್ತರ ಕೊಡುವರು. ದೊಡ್ಡ ಮೀನು ತಂದ ದಿನ ಸಾಹೇಬರು ಯಾರನ್ನೂ ಕೇಳದೆಯೇ ಅದನ್ನು ಸರಿಯಾಗಿ ಎರಡು ಪಾಲು ಮಾಡಿ, ತಲೆಯನ್ನು ಒಂದು ವಾರ ಈ ಬದಿಗೆ, ಇನ್ನೊಂದು ವಾರ ಆ ಬದಿಗೆ ಕೊಡುತ್ತಿದ್ದರು.

ಕಾರಣವನ್ನು ಅಕ್ಕ ತಾವಾಗಿಯೇ ಹೇಳಿದರು. ಆಗಸ್ಟಿನ ಮೊದಲ ಶನಿವಾರ, ಎರಡನೆಯ ಸಲ ಭೋಜನ ಬೇಡವೆಂದು ಸಭಾಪಾಲಕರನ್ನು ಕಳಿಸಿದ ದಿನ, ನಾನು ಉಳಿದ ಮನೆಗಳನ್ನು ಮುಗಿಸಿ ಮಧ್ಯಾಹ್ನ ಮತ್ತೆ ಹೋಗಿದ್ದೆ. ಚಾ ಕೊಟ್ಟು ಕೂತರು.

"ನಮ್ಮ ಅಮ್ಮ ಹಾಸಿಗೆ ಹಿಡಿದು ಹನ್ನೊಂದು ವರ್ಷ ಇದ್ರು. ಅವಳು ಕುವೈತಿನಲ್ಲಿ. ಹಣ ಕಳಿಸಿದ್ಲು, ಸುಳ್ಳು ಹೇಳ್ಬಾರ್ದು. ಆದ್ರೆ ಎತ್ತಿ ಕೂರಿಸಿದ್ದು, ಉಣ್ಣಿಸಿದ್ದು, ತೊಳೆದದ್ದು ನಾನು. ಅಮ್ಮ ಹೇಳ್ತಿದ್ರು, ನಿನಗೆ ಗಂಡ ಮಕ್ಕಳು ಎಂತದೂ ಇಲ್ಲ, ನೀನು ನನ್ನ ಹತ್ರವೇ ಬಂದು ಮಲಗು ಅಂತ. ನನ್ನ ಸಮಾಧಿಯಲ್ಲಿ ನಿನಗೆ ಜಾಗ ಅಂತ."

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಸಭೆಯ ಸ್ಮಶಾನ ಚಿಕ್ಕದು, ಊರು ಬೆಳೆದು ಸುತ್ತಲೂ ಕಟ್ಟಡಗಳಾಗಿವೆ. ಹೊಸ ಜಾಗ ಇಳಿಜಾರಿನ ಕೆಳಗೆ ಸ್ವಲ್ಪ ಮಾತ್ರ ಉಳಿದಿದೆ. ಅದಕ್ಕಾಗಿ ಒಂದು ಕುಟುಂಬದ ಸಮಾಧಿಯನ್ನು ನಿಗದಿಯಾದ ವರ್ಷಗಳು ಕಳೆದ ಮೇಲೆ ತೆರೆದು ಅದೇ ಕುಟುಂಬದ ಇನ್ನೊಬ್ಬರನ್ನು ಅಲ್ಲಿ ಇಡುತ್ತಾರೆ. ಹೆಸರುಗಳು ಒಂದೇ ಕಲ್ಲಿನಲ್ಲಿ ಒಂದರ ಕೆಳಗೊಂದು ಬರುತ್ತವೆ.

"ಎಂಟು ವರ್ಷದ ಹಿಂದೆ ಜುಲೈಯಲ್ಲಿ ಅವಳ ಗಂಡ ಹೋದದ್ದು. ನಾನು ಪುತ್ತೂರಿನಲ್ಲಿ ಸಂಬಂಧಿಕರ ಮನೆಯಲ್ಲಿದ್ದೆ. ಫೋನ್ ಬಂತು, ಹೊರಟೆ. ಮಳೆಗೆ ಬಸ್ಸು ತಡ. ನೇರ ಸ್ಮಶಾನಕ್ಕೇ ಹೋದೆ. ಹೋಗಿ ನೋಡಿದ್ರೆ ಅಮ್ಮನ ಕಲ್ಲು ಬದಿಗೆ ತೆಗೆದಿಟ್ಟಿದ್ದಾರೆ. ಅವನನ್ನು ಅಲ್ಲಿ ಇಳಿಸ್ತಾ ಇದ್ದಾರೆ." ಚಾದ ಲೋಟ ಕೆಳಗಿಟ್ಟರು. "ನನ್ನ ಜಾಗದಲ್ಲಿ ಅವಳ ಗಂಡ ಮಲಗಿದ್ದಾನೆ. ಒಳ್ಳೆಯ ಮನುಷ್ಯ, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದ್ರೆ ಅವನಿಗೆ ನನ್ನ ಅಮ್ಮ ಯಾರು? ಅತ್ತೆ. ವರ್ಷಕ್ಕೊಮ್ಮೆ ರಜೆಯಲ್ಲಿ ನೋಡಿದವನು."

ಆ ದಿನ ಎಷ್ಟು ಹೊತ್ತು ಕೂತಿದ್ದೆನೆಂದು ದಿನಚರಿಯಲ್ಲಿ ಇಲ್ಲ.

ತಂಗಿಯ ಬದಿಗೆ ಹೋದಾಗ ಅವರು ಕೇಳಿದರು, "ಹೇಳಿದ್ಲಾ?"

"ಹೇಳಿದ್ರು ಆಂಟಿ."

"ಈಗ ನನ್ನದೂ ಕೇಳು. ಹೊಸ ಜಾಗದಲ್ಲಿ ಗುಂಡಿ ತೋಡಿದ್ರು. ತೋಡಿದಷ್ಟೂ ನೀರು. ಬಕೆಟಿನಲ್ಲಿ ತೆಗೆದ್ರು, ಮತ್ತೆ ನೀರು. ಆಚೆ ಇನ್ನೊಂದು ತೋಡಿದ್ರು, ಅದರಲ್ಲೂ ಮೊಣಕಾಲು ನೀರು. ಒಂದು ಕಪ್ಪೆ ಈಜ್ತಾ ಇತ್ತು. ನಾನು ನಲವತ್ತು ವರ್ಷ ನರ್ಸ್, ಎಷ್ಟೋ ಜನ ಸತ್ತದ್ದು ನೋಡಿದ್ದೇನೆ. ಆದ್ರೆ ಅವರನ್ನು ಆ ನೀರಲ್ಲಿ ಇಡ್ಲಿಕ್ಕೆ ನನ್ನಿಂದ ಆಗ್ಲಿಲ್ಲ. ಮೇಲೆ ಅಮ್ಮನ ಸಮಾಧಿ ಉಂಟಲ್ಲ ಅಂತ ಯಾರೋ ಹೇಳಿದ್ರು, ತಲೆ ಅಲ್ಲಾಡಿಸಿದೆ. ಅಕ್ಕನ ನೆನಪೇ ಬರ್ಲಿಲ್ಲ ಆ ಹೊತ್ತಿಗೆ."

"ಇದನ್ನು ಅವರಿಗೆ ಹೇಳಿದ್ದೀರಾ?"

"ಕೇಳಿದ್ರೆ ತಾನೆ ಹೇಳುವುದು? ಅವಳು ಕೇಳ್ಲಿಲ್ಲ. ಮುಖ ತಿರುಗಿಸಿದ್ಲು. ನನಗೂ ಹಠ ಉಂಟು."

ಗೋಡೆಯ ಆಚೆ ಹೋಗಿ ಆ ಕಪ್ಪೆಯ ವಿಷಯ ಹೇಳಿಬಿಡಬೇಕೆಂದು ನನಗೆ ಬಹಳ ಅನಿಸಿತು. ಎರಡು ನಿಮಿಷದ ಕೆಲಸ. ಸಭಾಪಾಲಕರ ಮಾತು ನೆನಪಾಗಿ ಸ್ಕೂಟರ್ ಹತ್ತಿದೆ. ಮನೆಗೆ ಬಂದ ಮೇಲೂ ಸಮಾಧಾನವಿರಲಿಲ್ಲ. ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆಯ ಅಂಕಣಕ್ಕೆ ಗುರುತು ಹಾಕಲು ನನಗೆ ಸಾಮಾನ್ಯವಾಗಿ ಏಳು ನಿಮಿಷ ಸಾಕು. ಆ ತಿಂಗಳು ಹಾಗಾಗಲಿಲ್ಲ. ಹೇಳಬೇಕಾದದ್ದನ್ನು ಹೇಳಿ ಮುಗಿಸಿದ ಮೇಲೂ ಎದ್ದೇಳಲು ಮನಸ್ಸು ಬರುತ್ತಿರಲಿಲ್ಲ. ಏನನ್ನೂ ಮಾಡದೆ ಕೂರುವುದೂ ಪ್ರಾರ್ಥನೆಗೆ ಸೇರುತ್ತದೆಯೇ ಎಂದು ಸಭಾಪಾಲಕರನ್ನು ಕೇಳಬೇಕೆಂದಿದ್ದೆ. ಇನ್ನೂ ಕೇಳಿಲ್ಲ.

ಆಗಸ್ಟ್ ಕೊನೆಯ ಶನಿವಾರ ಅಕ್ಕ ನನಗೆ ಒಂದು ಕೆಲಸ ಕೊಟ್ಟರು. "ನೀನು ಲೆಕ್ಕದವಳಲ್ವಾ? ಸ್ಮಶಾನ ನೋಡಿಕೊಳ್ಳುವವರ ಹತ್ರ ಕೇಳಿ ಬಾ. ಆ ಸಮಾಧಿ ಮತ್ತೆ ತೆಗೀಲಿಕ್ಕೆ ಎಷ್ಟು ವರ್ಷ ಆಗ್ಬೇಕು? ಮತ್ತೆ ಯಾರ ಒಪ್ಪಿಗೆ ಬೇಕು?"

ಇದು ಮಾತು ಸಾಗಿಸುವುದಲ್ಲ, ವಿಚಾರಿಸುವುದು. ವಿಚಾರಿಸಿದೆ. ಹದಿನಾಲ್ಕು ವರ್ಷ ಆಗಬೇಕು, ಕೊನೆಗೆ ಇಟ್ಟವರ ಹತ್ತಿರದ ಸಂಬಂಧಿ, ಅಂದರೆ ಇಲ್ಲಿ ಹೆಂಡತಿ, ಒಪ್ಪಬೇಕು ಎಂದರು. ಆ ಸಂಜೆಯೇ ಹೋಗಿ ತಿಳಿಸಿದೆ.

"ಎಂಟು ವರ್ಷ ಆಗಿದೆ" ಎಂದರು ಅಕ್ಕ.

"ಎಂಟು ವರ್ಷ, ಒಂದು ತಿಂಗಳು ಆಂಟಿ. ಆರು ವರ್ಷಕ್ಕೆ ಒಂದು ತಿಂಗಳು ಕಡಿಮೆ ಉಂಟು."

"ನನಗೆ ಈಗ ಎಪ್ಪತ್ತೇಳು. ಎಂಬತ್ತಮೂರು ಆಗ್ತದೆ." ಸ್ವಲ್ಪ ಯೋಚಿಸಿದರು. "ಅಮ್ಮ ಎಂಬತ್ತಾರಕ್ಕೆ ಹೋದದ್ದು. ಆಗುವುದೇ ಇಲ್ಲ ಅಂತ ಇಲ್ಲ. ಆದ್ರೆ ಅವಳು ಒಪ್ಪಬೇಕು ಅಂತಾಯ್ತು."

"ಹೌದು."

"ಅಂದ್ರೆ ಕೇಳ್ಬೇಕು."

"ಹೌದು ಆಂಟಿ."

"ಹೋಗು ನೀನು, ಮಳೆ ಬರ್ತದೆ" ಎಂದರು.

ಸೆಪ್ಟೆಂಬರ್ ಮೊದಲ ಶುಕ್ರವಾರ ಸಂಜೆ, ಮರುದಿನದ ಭೋಜನಕ್ಕೆ ಮನೆ ಮನೆಗೆ ತಿಳಿಸುತ್ತಾ ಕುಲಶೇಖರಕ್ಕೆ ಬಂದೆ. ಆಪರೇಷನ್ನಿಗೆ ಐದು ದಿನ ಉಳಿದಿತ್ತು. ಗೇಟಿನ ಹತ್ತಿರ ಸಾಹೇಬರ ಸ್ಕೂಟರ್ ನಿಂತಿತ್ತು. ಮಳೆಗಾಲದ ಮೀನುಗಾರಿಕೆ ನಿಷೇಧ ಮುಗಿದು ದೋಣಿಗಳು ಹೊರಟಿದ್ದವು. ಅವರು ಒಳ್ಳೆಯ ಒಂದು ಅಂಜಲ್ ಮೀನು ತಂದಿದ್ದರು. ಅಕ್ಕ ಊರುಗೋಲು ಹಿಡಿದು ಮೆಟ್ಟಿಲಿಳಿದು ಬಂದಿದ್ದರು, ಅದು ಅವರಿಗೆ ಸುಲಭದ ಮಾತಲ್ಲ. ತಂಗಿ ತಮ್ಮ ಕಂಬದ ಹತ್ತಿರ ಪಾತ್ರೆ ಹಿಡಿದು ನಿಂತಿದ್ದರು.

"ಸಾಹೇಬ್ರೇ" ಎಂದರು ಅಕ್ಕ. "ಆ ಮನೆಯವರಿಗೆ ಒಂದು ಮಾತು ಹೇಳಿ."

"ಹೇಳಿ ಟೀಚರೇ. ಪಂಪಾ?"

"ಅಲ್ಲ. ಇನ್ನು ಆರು ವರ್ಷ ಆದ ಮೇಲೆ ಅಮ್ಮನ ಗುಂಡಿ ನನಗೆ ಬೇಕು ಅಂತ ಹೇಳಿ."

ಸಾಹೇಬರ ಕತ್ತಿ ಮೀನಿನ ಮೇಲೆ ನಿಂತಿತು. "ಗುಂಡಿ? ಯಾವ ಗುಂಡಿ ಟೀಚರೇ? ನನ್ನದು ಮೀನಿನ ವ್ಯಾಪಾರ ಮಾತ್ರ. ನನ್ನನ್ನು ಇದರಲ್ಲಿ ಹಾಕ್ಬೇಡಿ."

ತಂಗಿ ಸಾಹೇಬರನ್ನು ನೋಡಲಿಲ್ಲ. ನೇರ ಅಕ್ಕನನ್ನು ನೋಡಿದರು. "ಆರು ವರ್ಷ ನೀನು ಇರ್ತೀಯಾ?"

"ಯಾಕೆ ಇರ್ಬಾರ್ದು?"

"ಮತ್ತೆ ನಾನು ಎಲ್ಲಿಗೆ ಹೋಗುವುದು? ನನಗೆ ಅವರ ಹತ್ರ ಇರ್ಬೇಕು ಅಂತ ಇಲ್ವಾ?"

"ಅವನನ್ನು ಅಲ್ಲಿ ಇಟ್ಟದ್ದು ಯಾರು? ನಾನಾ? ಕೇಳಿದ್ಯಾ ನನ್ನ ಹತ್ರ ಒಂದು ಮಾತು?"

"ಕೇಳ್ಲಿಕ್ಕೆ ನೀನು ಬಸ್ಸಿನಲ್ಲಿದ್ದಿ! ಎರಡು ಗುಂಡಿ ತೋಡಿದ್ರು. ಎರಡರಲ್ಲೂ ನೀರು. ಎರಡನೆಯದರಲ್ಲಿ ಕಪ್ಪೆ ಇತ್ತು ಅಕ್ಕಾ. ಕಪ್ಪೆ ಇರುವ ನೀರಲ್ಲಿ ಅವರನ್ನು ಇಡ್ತಿದ್ಯಾ ನೀನು? ಹೇಳು."

ಅಕ್ಕ ಊರುಗೋಲನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ಎರಡು ಗುಂಡಿಯಾ?"

"ಎರಡು."

"ನನಗೆ ಯಾರೂ ಹೇಳ್ಲಿಲ್ಲ."

"ನೀನು ಕೇಳ್ಲಿಲ್ಲ."

ಮಳೆ ಹನಿಯಲು ಶುರುವಾಯಿತು. ಸಾಹೇಬರು ಮೀನಿನ ಬುಟ್ಟಿಗೆ ಪ್ಲಾಸ್ಟಿಕ್ ಮುಚ್ಚಿ, "ಅಂಜಲ್ ಎರಡು ಪಾಲಾ, ಒಂದೇ ಸಾಕಾ?" ಎಂದು ಮೆಲ್ಲಗೆ ಕೇಳಿದರು.

"ಅಮ್ಮನ ಗುಂಡಿ ಯಾರು ಮೊದಲು ಹೋಗ್ತಾರೋ ಅವರಿಗೆ" ಎಂದರು ತಂಗಿ ಕೊನೆಗೆ.

"ಹಾಗಾದ್ರೆ ನಾನು ಅವಸರ ಮಾಡ್ಬೇಕಾ?"

"ಆರು ವರ್ಷದ ಒಳಗೆ ಅವಸರ ಮಾಡಿದ್ರೆ ಕೆಳಗಿನ ನೀರಿಗೇ ಹೋಗ್ಬೇಕಾಗ್ತದೆ. ಗೊತ್ತಾಯ್ತಾ? ಆಪರೇಷನ್ನಿಗೆ ಹೋಗ್ತಾ ಇದ್ದೀಯಲ್ಲ, ನೆನಪಿಟ್ಕೋ."

ಅಕ್ಕನ ಬಾಯಿಯ ಒಂದು ತುದಿ ಅಲುಗಿತು. ನಗು ಎಂದು ಖಚಿತವಾಗಿ ಹೇಳಲಾರೆ. ಆದರೆ ನಾನು ಬಂದ ಕೆಲಸ ಉಳಿದಿತ್ತು, ಇನ್ನೂ ಎರಡು ಮನೆಗಳಿಗೆ ಹೋಗಬೇಕಿತ್ತು. ಜುಲೈಯಲ್ಲಿ ಕೇಳಿ ಕೆಡಿಸಿದ್ದನ್ನೇ ಮತ್ತೆ ಕೇಳಬೇಕಾಯಿತು.

"ಆಂಟಿ, ನಾಳೆ ಮೇಜು..." ಎಂದೆ.

ಇಬ್ಬರೂ ನನ್ನ ಕಡೆ ನೋಡಿದರು.

"ಒಂದು" ಎಂದರು ಅಕ್ಕ. "ಆದ್ರೆ ನನ್ನ ಬದಿಯಲ್ಲಿ. ನಾನು ಇವತ್ತು ಇಳಿದದ್ದೇ ಹೆಚ್ಚು."

"ಅವಳ ಮೇಜು ಅಲ್ಲಾಡ್ತದೆ" ಎಂದರು ತಂಗಿ. "ದ್ರಾಕ್ಷಾರಸ ಚೆಲ್ಲಿದ್ರೆ? ನನ್ನ ಮೇಜು ತರಿಸು."

"ಅಲ್ಲಾಡುವುದಿಲ್ಲ."

"ಅಲ್ಲಾಡ್ತದೆ. ಅಮ್ಮನ ಕಾಲದಿಂದ ಅಲ್ಲಾಡ್ತಾ ಉಂಟು."

ಸಾಹೇಬರು ಮತ್ತು ನಾನು ಸೇರಿ ಮಳೆ ಜೋರಾಗುವ ಮೊದಲು ತಂಗಿಯ ಮೇಜನ್ನು ಎತ್ತಿ ಅಕ್ಕನ ಬದಿಗೆ ಸಾಗಿಸಿದೆವು. ಸಾಹೇಬರು ಕೈ ಒರೆಸಿಕೊಂಡು, "ಇಷ್ಟು ವರ್ಷ ನನ್ನ ಬಾಯಿ ನೋಯಿಸಿದ್ದಕ್ಕೆ ಕೂಲಿ ಕೊಡ್ಬೇಕು ನೀವಿಬ್ರೂ" ಎಂದು ಹೇಳಿ ಹೊರಟರು. ಅಂಜಲನ್ನು ಆ ದಿನವೂ ಎರಡು ಪಾಲೇ ಮಾಡಿದ್ದರು.

ಶನಿವಾರದ ಭೋಜನದಲ್ಲಿ ವಿಶೇಷವೇನೂ ನಡೆಯಲಿಲ್ಲ. ಸಭಾಪಾಲಕರಿಗೆ ದಾರಿಯಲ್ಲಿ ನಾನು ಹೇಳಿದ್ದು 'ಇವತ್ತು ಒಂದು ಮೇಜು, ಎರಡು ಗ್ಲಾಸು' ಎಂದಷ್ಟೇ. ಅವರು ಹುಬ್ಬೇರಿಸಿದರು, ಕೇಳಲಿಲ್ಲ. ತಪ್ಪುಗಳನ್ನು ಒಪ್ಪಿಕೊಳ್ಳುವ ಪ್ರಾರ್ಥನೆಯಲ್ಲಿ ಎಲ್ಲರೂ ಒಟ್ಟಿಗೆ ಹೇಳುವ ಮಾತುಗಳಿವೆ. ಅದನ್ನು ಅಕ್ಕ ದೊಡ್ಡ ದನಿಯಲ್ಲಿ, ನಿಲ್ಲಿಸಿ ನಿಲ್ಲಿಸಿ ಓದಿದರು. ತಂಗಿ ಬೇಗ ಬೇಗ ಓದಿದರು. ಒಬ್ಬರು ಮುಗಿಸುವಾಗ ಇನ್ನೊಬ್ಬರು ಅರ್ಧದಲ್ಲಿದ್ದರು. ತಂಗಿ ಕಾದರು. ರೊಟ್ಟಿಯ ತುಣುಕು ಬಂದಾಗ ಅಕ್ಕ ಕೈ ಚಾಚಿದರು. ನಾನು ಗ್ಲಾಸುಗಳನ್ನು ತೊಳೆದು ಒರೆಸಿ ಪೆಟ್ಟಿಗೆಯಲ್ಲಿಟ್ಟೆ.

ಆಪರೇಷನ್ ಚೆನ್ನಾಗಿ ಆಯಿತು. ಆಸ್ಪತ್ರೆಗೆ ಹೋಗಿ ನೋಡಿದಾಗ ಅಕ್ಕ ಹೇಳಿದರು, ಮೊದಲ ದಿನವೇ ಡಾಕ್ಟರಿಗೆ, "ನನಗೆ ಇನ್ನು ಆರು ವರ್ಷ ಖಂಡಿತ ಬೇಕು, ಅದಕ್ಕಿಂತ ಕಡಿಮೆಯಾದ್ರೆ ಪ್ರಯೋಜನ ಇಲ್ಲ" ಎಂದಿದ್ದರಂತೆ. ಡಾಕ್ಟರು ಮೊಮ್ಮಗಳ ಮದುವೆ ಏನಾದರೂ ಇದೆಯೇ ಎಂದು ಕೇಳಿದರಂತೆ. ಮನೆಗೆ ಬಂದ ಮೇಲೆ ಗಾಯಕ್ಕೆ ಡ್ರೆಸಿಂಗ್ ಮಾಡಲು ಯಾರನ್ನಾದರೂ ಗೊತ್ತು ಮಾಡಬೇಕೇ ಎಂದು ನಾನು ವಿಚಾರಿಸಿದೆ. "ನಲವತ್ತು ವರ್ಷ ಕೆಲಸ ಮಾಡಿದ ನರ್ಸ್ ಪಕ್ಕದಲ್ಲೇ ಉಂಟಲ್ಲ" ಎಂದರು. "ಕೈ ಮಾತ್ರ ಸ್ವಲ್ಪ ಒರಟು."

ಇದೆಲ್ಲ ಆಗಿ ಕೆಲವು ತಿಂಗಳಾಗಿವೆ. ಗೋಡೆ ಹಾಗೆಯೇ ಇದೆ, ಅಡುಗೆ ಎರಡೇ. ಪಂಪಿನ ವಿಷಯಕ್ಕೆ ಈಗ ನೇರವಾಗಿ ಜಗಳವಾಡುತ್ತಾರೆ. ಸಮಾಧಿ ಯಾರಿಗೆ ಎಂಬುದು ತೀರ್ಮಾನವಾಗಿಲ್ಲ. ಕಳೆದ ತಿಂಗಳು, ಸಭಾಪಾಲಕರು ಹೊರಗೆ ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ, ನಾನು ಅಕ್ಕನನ್ನು ಮೆಲ್ಲಗೆ ಕೇಳಿದೆ, "ಆಂಟಿ, ಈಗ ಮನಸ್ಸಿನಲ್ಲಿ ಎಂತದೂ ಇಲ್ಲವಾ?"

"ಉಂಟು ಮಗಾ" ಎಂದರು. ಮೇಜಿನ ಬಟ್ಟೆಯನ್ನು ಮಡಚುತ್ತಿದ್ದರು, ಮೂಲೆಗೆ ಮೂಲೆ ಸೇರಿಸಿ. "ಪೂರ್ತಿ ಹೋಗಲಿಲ್ಲ. ಕಲ್ಲಿನಲ್ಲಿ ಅಮ್ಮನ ಹೆಸರಿನ ಕೆಳಗೆ ಅವನ ಹೆಸರು ನೆನಪಾದ್ರೆ ಈಗಲೂ ಒಳಗೆ ಬಿಸಿ ಆಗ್ತದೆ. ಆದ್ರೆ ಶುಕ್ರವಾರ ನೀನು ಬಂದು ನಾಳೆ ಅಂತ ಹೇಳಿ ಹೋಗ್ತೀಯಲ್ಲ, ಆ ರಾತ್ರಿ ಕೂತು ಅದನ್ನು ಬದಿಗಿಡ್ತೇನೆ. ಮರುದಿನ ಮೇಜಿಗೆ ಬರುವಷ್ಟು ಬದಿಗೆ ಹೋಗ್ತದೆ. ಮುಂದಿನ ತಿಂಗಳು ಮತ್ತೆ ಇಡ್ಬೇಕು."

ಬಟ್ಟೆಯನ್ನು ನನ್ನ ಕೈಗೆ ಕೊಟ್ಟರು. "ಅದಕ್ಕೇ ನೀನು ಶುಕ್ರವಾರ ತಪ್ಪಿಸ್ಬೇಡ. ಫೋನ್ ಮಾಡ್ಬೇಡ. ಬಂದು ಹೇಳು."

ಈಗ ಆ ಕಂಪೌಂಡಿಗೆ ನಾನು ಇಪ್ಪತ್ತು ನಿಮಿಷದ ಬದಲು ನಲವತ್ತು ಹಾಕಿದ್ದೇನೆ. ಮೇಜು ಒಂದೇ.